ಜಲೋರಿಯ ಆಚೆ ಬದಿ

ಹಲವು ದಿನ ನಡೆಯುವ ಸೈಕಲ್ ರೇಸಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ಎರಡೂ ತೊಡೆ ಒತ್ತಿ ನೋಡಿಕೊಳ್ಳುತ್ತೇನೆ. ಎಲ್ಲಿ ನೋವಿದೆ, ಎಷ್ಟಿದೆ ಅಂತ ಗೊತ್ತಾದರೆ ಅವತ್ತು ಕಾಲನ್ನು ಎಷ್ಟು ಖರ್ಚು ಮಾಡಬಹುದು ಅಂತಲೂ ಗೊತ್ತಾಗುತ್ತದೆ. ಒಂದೇ ದಿನದ ರೇಸಾದರೆ ಇರುವುದನ್ನೆಲ್ಲ ಸುರಿದು ಬರಬಹುದು. ಇಲ್ಲಿ ಪ್ರತಿ ದಿನದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ನಾಳೆ ಮತ್ತೆ ಸೈಕಲ್ ಹತ್ತಲೇಬೇಕು.

ಎಂಟಿಬಿ ಹಿಮಾಲಯ ಎಂಬ ಮೌಂಟನ್ ಬೈಕ್ ರೇಸ್ ಶುರುವಾಗಿದ್ದು 2005ರಲ್ಲಿ, ಹಿಮಾಚಲ ಪ್ರದೇಶದಲ್ಲಿ. ನಾನು ಹೋದ ವರ್ಷ ನನಗೆ ಜಾಸ್ತಿ ಭಯವಿದ್ದದ್ದು ಜಲೋರಿ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟುವ ದಿನದ್ದು. ಕುಲ್ಲು ಜಿಲ್ಲೆಯ ಆನಿ ಕಡೆಯಿಂದ ಹತ್ತಿ, ಆಚೆ ಬದಿಯ ಶೋಜಾ, ಜಿಭಿ ಕಡೆಗೆ ಇಳಿಯುವುದು. ಪಾಸಿನ ಎತ್ತರ ಸುಮಾರು 3,120 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿನಷ್ಟೇ.

ಬೆಂಗಳೂರಿನ ನಾವು ಏರು ಕಲಿಯುವುದು ನಂದಿಬೆಟ್ಟದಲ್ಲಿ. ಅದರ ತುದಿ 1,478 ಮೀಟರ್. ಆರು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದಿದ್ದೆ. ವಾರದ ಮಧ್ಯೆ ತುರಹಳ್ಳಿ ಕಾಡಿನ ಕಲ್ಲುದಾರಿ. ಅದು ಕೆಲಸಕ್ಕೆ ಬಂತು, ನಿಜ. ಆದರೆ ನಂದಿಯ ಏರು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಜಲೋರಿಯಲ್ಲಿ ಮೂರು ಗಂಟೆ ತುಳಿದ ಮೇಲೂ ತಿರುವಿನ ಆಚೆ ಇನ್ನೊಂದು ತಿರುವು.

ಕೆಳಗೆಲ್ಲ ಸೇಬಿನ ತೋಟಗಳು. ದಾರಿಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಓಡಿ ಬಂದು ನನ್ನ ಜರ್ಸಿಯ ಹಿಂದಿನ ಜೇಬಿಗೆ ಎರಡು ಸೇಬು ತುರುಕಿದರು. ಖನಾಗ್ ಹಳ್ಳಿ ದಾಟಿದ ಮೇಲೆ ಕೊನೆಯ ಐದಾರು ಕಿಲೋಮೀಟರ್ ತುಂಬಾ ಕಡಿದು. ಅತಿ ಹಗುರದ ಗೇರಿನಲ್ಲೂ ಮುಂದಿನ ಗಾಲಿ ಎದ್ದೇಳುತ್ತಿತ್ತು. ಹೊಟ್ಟೆ ತಗ್ಗಿಸಿ, ಸೀಟಿನ ಮೂತಿಗೆ ಸರಿದು ಕೂತರೆ ಮಾತ್ರ ಸೈಕಲ್ ನೆಲ ಕಚ್ಚುತ್ತದೆ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯ ರೈಡರ್ ಒಬ್ಬರು ಪಕ್ಕಕ್ಕೆ ಬಂದರು.

"ಸರ್, ಉಸಿರೇ ಸಾಲ್ತಿಲ್ಲ" ಅಂದೆ.

"ಮಾತಾಡೋಕೆ ಆಗೋಷ್ಟು ನಿಧಾನ ತುಳಿ ಮಾರಾಯ. ಮುಂದೆ ಹೋದವರನ್ನ ನೋಡ್ಬೇಡ. ತಿಂದ್ಯಾ ಏನಾದ್ರೂ?"

ತಿಂದಿರಲಿಲ್ಲ. ಅರ್ಧ ಗಂಟೆಗೊಮ್ಮೆ ಕಡಲೆಕಾಯಿ ಚಿಕ್ಕಿ ತಿನ್ನಬೇಕು ಅಂತ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಎತ್ತರದಲ್ಲಿ, ಚಳಿಯಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಅವರೆದುರೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ.

ಪಾಸಿನ ಮೇಲೆ ಕಾಳಿ ಗುಡಿ, ನಾಲ್ಕು ಢಾಬಾ, ಮೈ ಕೊರೆಯುವ ಗಾಳಿ. ಈಚೆ ಬಿದ್ದ ಮಳೆ ಸಟ್ಲೆಜ್ ಸೇರುತ್ತದೆ, ಆಚೆ ಬಿದ್ದದ್ದು ಬಿಯಾಸ್. ನಾನು ತಪ್ಪು ಮಾಡಿದ್ದು ಇಲ್ಲೇ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಹಾಗಾಗಿ ಟೈರ್ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿಯ ವ್ಯತ್ಯಾಸ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಅಷ್ಟೇ. ಕಲ್ಲಿನ ಇಳಿಜಾರಿಗೆ ಮೆತ್ತಗಿರಲಿ ಅಂತ ವಾಲ್ವ್ ಒತ್ತಿ ಗಾಳಿ ಬಿಟ್ಟೆ. ಒತ್ತಡ ಅಳೆಯುವ ಗೇಜ್ ಜೇಬಿನಲ್ಲೇ ಇತ್ತು. ಚಳಿಗೆ ಬೆರಳು ಮರಗಟ್ಟಿದ್ದರಿಂದ ತೆಗೆಯಲಿಲ್ಲ, ಅಂದಾಜಿನಲ್ಲಿ ಬಿಟ್ಟೆ. ಜಾಸ್ತಿಯೇ ಹೋಗಿತ್ತು.

ಶೋಜಾ ತಲುಪುವ ಮೊದಲೇ ಹಿಂದಿನ ಗಾಲಿ ಚೂಪು ಕಲ್ಲಿಗೆ ಬಡಿಯಿತು. ಟೈರಿನ ಪಕ್ಕದ ಗೋಡೆ ಹೆಬ್ಬೆರಳಿನಷ್ಟು ಉದ್ದಕ್ಕೆ ಸೀಳಿತು. ನನ್ನದು ಟ್ಯೂಬ್ ಇಲ್ಲದ ಟೈರ್, ಒಳಗೆ ತುಂಬಿದ್ದ ಸೀಲೆಂಟ್ ದ್ರವ ಹಾಲಿನಂತೆ ಚಿಮ್ಮಿತು. ಸಣ್ಣ ತೂತನ್ನು ಅದು ತಾನೇ ಮುಚ್ಚುತ್ತದೆ, ಇಷ್ಟು ದೊಡ್ಡದನ್ನು ಮುಚ್ಚಲಾರದು. ತೂತು ಮುಚ್ಚುವ ರಬ್ಬರ್ ಪ್ಲಗ್ ತುರುಕಿದೆ, ನಿಲ್ಲಲಿಲ್ಲ.

ಇಂಥ ಹೊತ್ತಿಗೆಂದೇ ಖಾಲಿ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ, ತೊಳೆದು ಇಟ್ಟುಕೊಂಡಿರುತ್ತೇನೆ. ಅದನ್ನು ಸೀಳಿನ ಒಳಬದಿಗೆ ಇಟ್ಟು, ಮೇಲೆ ಸೈಕಲಿನ ಮಾಮೂಲಿ ಟ್ಯೂಬ್ ಹಾಕಿದರೆ ಟ್ಯೂಬ್ ಹೊರಗೆ ಉಬ್ಬುವುದಿಲ್ಲ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಪೂರ್ತಿ ಕೈಯಾಡಿಸಲೇಬೇಕು. ಹಳೆಯ ಮುಳ್ಳುಗಳು ಅಲ್ಲೇ ಕೂತಿರುತ್ತವೆ. ಸೀಲೆಂಟ್ ಇದ್ದಾಗ ಅವು ಗೊತ್ತೇ ಆಗುವುದಿಲ್ಲ, ಟ್ಯೂಬ್ ಹಾಕಿದ ಕೂಡಲೇ ಚುಚ್ಚುತ್ತವೆ. ನನಗೆ ಮೂರು ಸಿಕ್ಕವು. ಎಲ್ಲ ಮುಗಿಯುವಷ್ಟರಲ್ಲಿ ಇಪ್ಪತ್ತೆರಡು ನಿಮಿಷ. ಏರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಅಳು ಬಂದಂತಾಯಿತು.

ಆಮೇಲೆ ಆ ಸಮಯವನ್ನು ವಾಪಸ್ ಗಳಿಸುವ ಆಸೆಯನ್ನು ಬಿಟ್ಟುಬಿಟ್ಟೆ. ಅದು ಸುಲಭವಿರಲಿಲ್ಲ. ಇಳಿಜಾರಿನಲ್ಲಿ ಕಾಲಿಗಿಂತ ಮೊದಲು ಸೋಲುವುದು ಅಂಗೈ. ಬ್ರೇಕನ್ನು ಸುಮ್ನೆ ಒತ್ತಿ ಹಿಡಿದೇ ಬಂದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ, ಬೆರಳೂ ಮರಗಟ್ಟುತ್ತದೆ. ತಿರುವಿಗೆ ಮೊದಲು ಜೋರಾಗಿ ಒತ್ತಿ, ತಿರುವಿನಲ್ಲಿ ಪೂರ್ತಿ ಬಿಡಬೇಕು. ಒಂದು ಬೆರಳು ಮಾತ್ರ ಬ್ರೇಕಿಗೆ, ಉಳಿದವು ಹ್ಯಾಂಡಲ್ ಹಿಡಿಯಲು. ದೇವದಾರು ಕಾಡಿನ ಒಳಗೆ ಬೇರುಗಳು ಒದ್ದೆಯಾಗಿದ್ದವು. ಅಲ್ಲಿ ಎರಡು ಕಡೆ ಇಳಿದು ನಡೆದೆ. ಒಂದು ಸಲ ಬಿದ್ದರೆ ಹೋಗುವುದು ಅವತ್ತಿನ ಸಮಯ ಮಾತ್ರವಲ್ಲ ಅಲ್ವಾ, ಉಳಿದ ದಿನಗಳೂ ಹೋಗುತ್ತವೆ.

ಕ್ಯಾಂಪ್ ಮುಟ್ಟಿದಾಗ ತೀರ್ಥಹಳ್ಳಿಯವರು ಆಗಲೇ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದರು. ಅಜ್ಜಿ ಕೊಟ್ಟ ಸೇಬುಗಳಲ್ಲಿ ಒಂದನ್ನು ಅವರಿಗೆ ಕೊಟ್ಟೆ. ಊಟಕ್ಕೆ ಮೊದಲು ಸೈಕಲ್ ತೊಳೆದು, ಹೊಸ ಟೈರ್ ಹಾಕಿ, ಬ್ರೇಕ್ ಪ್ಯಾಡ್ ತೆಗೆದು ನೋಡಿದೆ. ಹಿಂದಿನದು ಕಬ್ಬಿಣದ ತಗಡು ಕಾಣುವಷ್ಟು ಸವೆದಿತ್ತು. ಬದಲಾಯಿಸಿದೆ. ಗೇಜಿಗೆ ಒಂದು ದಾರ ಕಟ್ಟಿ ಹ್ಯಾಂಡಲಿಗೆ ನೇತುಹಾಕಿದೆ. ರಾಜ್ಮಾ ಅನ್ನ ಬಿಸಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.