ಬಿಜಾಪುರ ಎಂದು ಹುಡುಕಿದ ಮೇಲೆ ಸಿಕ್ಕ ಅಧ್ಯಯನಗಳು

ವಿಜಯಪುರ ಜಿಲ್ಲೆಯ ಗರ್ಭಿಣಿಯರ ರಕ್ತಹೀನತೆಯ ಕುರಿತು ಪ್ರಬಂಧ ಬರೆಯುವಾಗ, ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ಹಳೆಯ ಅಧ್ಯಯನಗಳು ಸಿಗದೆ ಎರಡು ವಾರ ಕಳೆದವು. ತೊಡಕಿದ್ದದ್ದು ಊರಿನ ಹೆಸರಿನಲ್ಲಿ: 2014ರ ನವೆಂಬರ್ 1ಕ್ಕೆ ಮೊದಲು ನಮ್ಮ ಜಿಲ್ಲೆ ಅಧಿಕೃತವಾಗಿ ಬಿಜಾಪುರವೇ ಆಗಿದ್ದರಿಂದ, ಅಂದಿನ ಲೇಖಕರು ಹಳೆಯ ಹೆಸರನ್ನೇ ಬಳಸಿದ್ದರು. ಯಾವ ಹೆಸರಿದ್ದರೂ ಲೇಖನ ಸಿಗಲೆಂದು ಎರಡೂ ಹೆಸರುಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆರ್’ (OR, ಅಥವಾ) ಎಂದು ಬರೆದೆ. ಕಾಯಿಲೆಗೆ ಮೆಶ್ (ಲೇಖನಗಳನ್ನು ವಿಷಯವಾರು ಗುರುತಿಸಲು ಬಳಸುವ ಪ್ರಮಾಣಿತ ಪದಪಟ್ಟಿ) ಶೀರ್ಷಿಕೆಯನ್ನು ಹಾಕಿದೆನಾದರೂ, ಇನ್ನೂ ಮೆಶ್ ಪದ ಸೇರದ ಹೊಸ ಲೇಖನಗಳು ತಪ್ಪಿಹೋಗಬಾರದೆಂದು ಅನೀಮಿಯಾ (ರಕ್ತಹೀನತೆ) ಪದದ ಅಮೆರಿಕನ್ ಮತ್ತು ಬ್ರಿಟಿಷ್ ಕಾಗುಣಿತಗಳೆರಡನ್ನೂ ಜೊತೆಗಿಟ್ಟೆ. ಛತ್ತೀಸಗಢದಲ್ಲಿಯೂ ಒಂದು ಬಿಜಾಪುರವಿದೆ. ಅದನ್ನು ‘ನಾಟ್’ (NOT, ಬೇಡ) ಹಾಕಿ ತೆಗೆದರೆ ಎರಡೂ ರಾಜ್ಯಗಳನ್ನು ಒಳಗೊಂಡ ಅಧ್ಯಯನವೂ ಕಳೆದುಹೋದೀತೆಂದು, ಸಾರಾಂಶಗಳನ್ನು ಒಂದೊಂದಾಗಿ ಓದಿಯೇ ಬೇರ್ಪಡಿಸಿದೆ. ಬೆಳಗಾವಿಯ ಗೆಳತಿಗೂ ತನ್ನ ಹುಡುಕಾಟದಲ್ಲಿ ಬೆಳಗಾಂ ಎಂಬ ಹಳೆಯ ಹೆಸರನ್ನು ಸೇರಿಸಲು ತಿಳಿಸಿದ್ದೇನೆ.