ಮೈಸೂರಿಗೆ ಹೊಸ ಸಮಾವೇಶ ಕೇಂದ್ರ ಬೇಕೇ? ನಾವು ಲೆಕ್ಕ ಹಾಕಿದ ಬಗೆ

ಹೊಸ ಸಮಾವೇಶ ಕೇಂದ್ರದ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಸಾವಿರ ಆಸನ ಎಂದು. ಮೈಸೂರಿನ ಮಟ್ಟಿಗೆ ಈ ಲೆಕ್ಕ ಹಾಕುವಾಗ ನಾವು ಆಸನದ ಪ್ರಶ್ನೆಯನ್ನು ಕೊನೆಗಿಟ್ಟು, ಕ್ಯಾಲೆಂಡರ್ ಹಿಡಿದು ಕುಳಿತೆವು. ವೈದ್ಯರ, ಎಂಜಿನಿಯರುಗಳ, ಪ್ರಾಧ್ಯಾಪಕರ ವಾರ್ಷಿಕ ಸಮ್ಮೇಳನಗಳು ಬಹುಪಾಲು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ, ಶುಕ್ರವಾರದಿಂದ ಭಾನುವಾರದೊಳಗೆ ನಡೆಯುತ್ತವೆ. ಸುಮಾರು 20 ವಾರಾಂತ್ಯ ಅನ್ನಿ. ವೇದಿಕೆ, ಮಳಿಗೆ ಕಟ್ಟಲು ಗುರುವಾರವೂ ಬೇಕು. ಹಾಗಾಗಿ ಒಂದೊಂದಕ್ಕೆ 4 ದಿನ. ಒಂದು ವಾರಾಂತ್ಯವೂ ಖಾಲಿ ಹೋಗದಿದ್ದರೂ 80 ದಿನ, ವರ್ಷದ ಶೇ 22. ಇಂಥ ಸಭಾಂಗಣ ವರ್ಷದಲ್ಲಿ ಶೇ 50ರಿಂದ 60ರಷ್ಟು ದಿನ ತುಂಬಿದರೆ ಚೆನ್ನಾಗಿ ನಡೆಯುತ್ತಿದೆ ಎಂಬುದು ಈ ಕಸುಬಿನ ಲೆಕ್ಕ.

ಮಿಕ್ಕ ದಿನಗಳನ್ನು ತುಂಬಲು ಉಳಿಯುವುದು ಮದುವೆಗಳೇ. ಆದರೆ ಕಾರ್ತಿಕ, ಮಾರ್ಗಶಿರ, ಮಾಘದ ಮುಹೂರ್ತಗಳು ಸಮ್ಮೇಳನದ ಕಾಲಕ್ಕೇ ಬಂದು ಕೂರುತ್ತವೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಇರುವ ಛತ್ರಗಳೇ ಖಾಲಿ. ಧನುರ್ಮಾಸದಲ್ಲಿ ಛತ್ರ ಸಿಗುತ್ತದೆ, ಆದರೆ ಕ್ರಿಸ್‌ಮಸ್, ಹೊಸ ವರ್ಷದ ಪ್ರವಾಸಿಗರು ತುಂಬಿಕೊಂಡು ಹೋಟೆಲ್ ಕೋಣೆ ಸಿಗುವುದಿಲ್ಲ. ಸರ್ಕಾರದ ಹಣದಲ್ಲಿ ಕಟ್ಟಿದ್ದು ಕೊನೆಗೆ ಖಾಸಗಿ ಛತ್ರಗಳ ಜೊತೆ ಮದುವೆಗಾಗಿ ಪೈಪೋಟಿಗೆ ಇಳಿಯುತ್ತದೆ. ಇದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡನೆಯದು, ಜಾಗವಿಲ್ಲದೆ ಕೈತಪ್ಪಿದ ಸಮ್ಮೇಳನಗಳ ಪಟ್ಟಿ. ಬೇಡಿಕೆ ತೋರಿಸಲು ಎಲ್ಲರೂ ಇದನ್ನೇ ಮುಂದಿಡುತ್ತಾರೆ. ಒಂದೇ ಸಂಘದ ವಿಚಾರಣೆ ನಾಲ್ಕು ಹೋಟೆಲ್, ಎರಡು ಸಭಾಂಗಣಗಳ ಡೈರಿಯಲ್ಲಿ ದಾಖಲಾಗಿರುತ್ತದೆ; ಹಾಗೇ ಕೂಡಿದರೆ ಒಂದು ಆರಾಗುತ್ತದೆ. ಸಂಘದ ಹೆಸರು, ತಿಂಗಳು, ಪ್ರತಿನಿಧಿಗಳ ಸಂಖ್ಯೆ ಮೂರನ್ನೂ ತಾಳೆ ನೋಡಿ ಸೋಸಬೇಕು. ಉಳಿದ ಸಂಘಗಳ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಕಡೆಗೆ ಎಲ್ಲಿ ನಡೆಸಿದಿರಿ, ಯಾಕೆ ಎಂದು ಕೇಳಬೇಕು. ವಿಮಾನವಿಲ್ಲ, ಕೋಣೆಯಿಲ್ಲ, ಸಭಾಂಗಣ ಚಿಕ್ಕದು ಎಂದು ಮೂರು ಕಾಲಂ ಹಾಕಿಕೊಳ್ಳಿ. ಹೊಸ ಕಟ್ಟಡದ ಲೆಕ್ಕಕ್ಕೆ ಬರುವುದು ಮೂರನೆಯ ಕಾಲಂ ಒಂದೇ.

ಮೊದಲ ಕಾಲಂ ಮೈಸೂರಿನಲ್ಲಿ ಭಾರವಾಗಿರುವುದಕ್ಕೆ ಕಾರಣವಿದೆ. ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. 70 ಚಿಲ್ಲರೆ ಆಸನಗಳ ಎಟಿಆರ್ ವಿಮಾನ ಇಳಿಯುತ್ತದೆ, ದೊಡ್ಡ ಜೆಟ್ ಬರುವುದಿಲ್ಲ. ಚೆನ್ನೈನವರಿಗೆ 2022ರ ನವೆಂಬರ್‌ನಿಂದ ವಂದೇ ಭಾರತ್ ರೈಲಿದೆ. ದೆಹಲಿ, ಕೋಲ್ಕತ್ತದವರು ದೇವನಹಳ್ಳಿಯಲ್ಲಿ ಇಳಿದು, ಬೆಂಗಳೂರನ್ನೇ ದಾಟಿ ಬರಬೇಕು. ಆ ಬೆಂಗಳೂರಿನಲ್ಲಿ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ (ಬಿಐಇಸಿ) ಇದೆ, ಅದರ ಹತ್ತಿರಕ್ಕೆ 2024ರಿಂದ ಮೆಟ್ರೊ ಕೂಡ ಬಂದಿದೆ. ಯಂತ್ರೋಪಕರಣಗಳ ದೊಡ್ಡ ಪ್ರದರ್ಶನ ಅದನ್ನು ಬಿಟ್ಟು ಮೈಸೂರಿಗೆ ಬರುತ್ತದೆಂದು ಯೋಜನಾ ವರದಿಯಲ್ಲಿ ಬರೆಯಬಾರದು.

ಕೋಣೆಗಳ ಲೆಕ್ಕ ಸರಳ, ಆದರೆ ಯಾರೂ ಮಾಡುವುದಿಲ್ಲ. 1,000 ಪ್ರತಿನಿಧಿಗಳಲ್ಲಿ 700 ಮಂದಿ ಹೊರಊರಿನವರಾದರೆ, ಇಬ್ಬಿಬ್ಬರಂತೆ ಹಂಚಿದರೂ 350 ಕೋಣೆ. ಸೀಸನ್ನಿನಲ್ಲಿ ಯಾವ ಹೋಟೆಲೂ ಇದ್ದ ಕೋಣೆಗಳನ್ನೆಲ್ಲ ಒಂದೇ ಗುಂಪಿಗೆ ಬಿಟ್ಟುಕೊಡುವುದಿಲ್ಲ. ಮೂರರಲ್ಲೊಂದು ಭಾಗ ಸಿಕ್ಕರೆ ಹೆಚ್ಚು. ಹಾಗಾದರೆ ಅಕ್ಕಪಕ್ಕದಲ್ಲಿ ಸುಮಾರು 1,000 ಒಳ್ಳೆಯ ಕೋಣೆ ಇರಬೇಕು. "ನಿಮ್ಮಲ್ಲಿ ಒಟ್ಟು ಎಷ್ಟು ಕೋಣೆ" ಎಂದು ಹೋಟೆಲಿನವರನ್ನು ಕೇಳಬೇಡಿ. "ಈ ಮೂರು ರಾತ್ರಿಗೆ ಎಷ್ಟು ಬರೆದುಕೊಡುತ್ತೀರಿ" ಎಂದು ಕೇಳಿ.

ಇಷ್ಟಾದ ಮೇಲೆ ಜಾಗ. ಸಾಲು ಕುರ್ಚಿಗೆ ತಲಾ 10 ಚದರಡಿ, ಮುಂದೆ ಮೇಜಿದ್ದರೆ 18, ದುಂಡು ಮೇಜಿಗೆ 14. 1,000 ಮಂದಿಗೆ ವೇದಿಕೆ ಬಿಟ್ಟು 10,000 ಚದರಡಿ. ಮಳಿಗೆಗಳದು ಇದಕ್ಕಿಂತ ಹೆಚ್ಚು: 3×3 ಮೀಟರಿನ 60 ಮಳಿಗೆ ಎಂದರೆ 540 ಚದರ ಮೀಟರ್, ಓಡಾಟದ ದಾರಿ ಸೇರಿ ಅದರ ಎರಡರಷ್ಟು, ಹತ್ತಿರಹತ್ತಿರ 11,600 ಚದರಡಿ. ವೈದ್ಯಕೀಯ ಸಮ್ಮೇಳನದ ಖರ್ಚಿನ ದೊಡ್ಡ ಪಾಲು ಈ ಮಳಿಗೆಗಳ ಬಾಡಿಗೆಯಿಂದ ಹುಟ್ಟುತ್ತದೆ. ಕಾಫಿ ಕೌಂಟರನ್ನು ಅವುಗಳ ನಡುವೆಯೇ ಇಡುವುದು ಅದಕ್ಕೇ. ಊಟದ ಜಾಗ ಬೇರೆಯೇ ಬೇಕು. ಎರಡೂ ಕಡೆಯಿಂದ ಬಡಿಸಿಕೊಳ್ಳುವ ಬಫೆ ಕೌಂಟರಿನಲ್ಲಿ ನಿಮಿಷಕ್ಕೆ ಎಂಟು ಜನ ಸಾಗುತ್ತಾರೆ. ಅರ್ಧ ಗಂಟೆಯಲ್ಲಿ 1,000 ಮಂದಿಗೆ ತಟ್ಟೆ ತುಂಬಬೇಕಾದರೆ ಐದು ಕೌಂಟರ್ ಇರಲೇಬೇಕು.

ಕೆಡುವುದು ಹೆಚ್ಚಾಗಿ ಚಿಕ್ಕ ಕೋಣೆಗಳ ವಿಷಯದಲ್ಲಿ. ದೊಡ್ಡ ಹಾಲನ್ನು ಸರಿಯುವ ಗೋಡೆಯಿಂದ ಮೂರು ಮಾಡಬಹುದು ಎಂದು ನಕ್ಷೆಯಲ್ಲಿ ಬರೆದಿರುತ್ತದೆ. ಗೋಡೆಯ ಹಲಗೆ ಒಳ್ಳೆಯದೇ, ಶಬ್ದ ತಡೆಯುವ ಶಕ್ತಿಯ ಅಳತೆಯಾದ ಎಸ್‌ಟಿಸಿಯಲ್ಲಿ 50ರದು. ಆದರೆ ಅದು ಫಾಲ್ಸ್ ಸೀಲಿಂಗ್‌ವರೆಗೆ ಬಂದು ನಿಲ್ಲುತ್ತದೆ. ಸೀಲಿಂಗ್‌ಗೂ ಮೇಲಿನ ಸ್ಲ್ಯಾಬ್‌ಗೂ ನಡುವಿನ ಟೊಳ್ಳಿನಲ್ಲಿ ಆಚೆಯ ಮೈಕಿನ ಮಾತು ಹಾಯ್ದು ಈಚೆ ಇಳಿಯುತ್ತದೆ. ಗೋಡೆಯ ಹಳಿಯ ಮೇಲೂ ಸ್ಲ್ಯಾಬ್‌ವರೆಗೆ ಶಬ್ದತಡೆ ಕಟ್ಟಿಸಬೇಕು, ಎಸಿ ಡಕ್ಟನ್ನು ಎರಡೂ ಭಾಗಕ್ಕೆ ಬೇರೆಬೇರೆ ಎಳೆಯಬೇಕು. ಕಟ್ಟಿ ಮುಗಿದ ಮೇಲೆ ಇದನ್ನು ಸರಿಪಡಿಸುವುದೆಂದರೆ ಸೀಲಿಂಗನ್ನೇ ಕೀಳುವ ಕೆಲಸ.

ಖರ್ಚಿಗೆ ಒಂದು ಉದಾಹರಣೆ. ವರ್ಷಕ್ಕೆ 6 ಕೋಟಿ ನಿರ್ವಹಣೆ, 120 ದಿನ ಬುಕಿಂಗ್ ಎಂದಿಟ್ಟುಕೊಂಡರೆ ದಿನದ ಬಾಡಿಗೆ 5 ಲಕ್ಷ ಬಂದರಷ್ಟೇ ಸರಿದೂಗುತ್ತದೆ. ಕಾವಲು, ಲಿಫ್ಟ್, ಅಗ್ನಿಶಾಮಕ ವ್ಯವಸ್ಥೆ, ವಿದ್ಯುತ್ತಿನ ಡಿಮಾಂಡ್ ಶುಲ್ಕ ಬೀಗ ಹಾಕಿದ ತಿಂಗಳಲ್ಲೂ ನಿಲ್ಲುವುದಿಲ್ಲ. ದೊಡ್ಡ ದುರಸ್ತಿಗೆಂದು ಕಟ್ಟಡದ ವೆಚ್ಚದ ಶೇ 1ರಿಂದ 2ರಷ್ಟನ್ನು ವರ್ಷವರ್ಷವೂ ತೆಗೆದಿಡಬೇಕು.

2016ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಡೆದದ್ದು ಮಾನಸಗಂಗೋತ್ರಿಯಲ್ಲಿ, ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ. 2017ರ ಸಾಹಿತ್ಯ ಸಮ್ಮೇಳನಕ್ಕೆ ಮಹಾರಾಜ ಕಾಲೇಜಿನ ಮೈದಾನವಿತ್ತು. ಅಷ್ಟು ಜನ ಯಾವ ಕಟ್ಟಡದಲ್ಲೂ ಹಿಡಿಸುವುದಿಲ್ಲ. ಹಾಗಾಗಿ ನಮ್ಮ ಸಲಹೆ 5,000 ಆಸನದ ಭವನಕ್ಕಲ್ಲ. ನಡುವೆ ಕಂಬವಿಲ್ಲದ, ಮೆಟ್ಟಿಲಿಲ್ಲದ ಸಮತಟ್ಟು ನೆಲದ, 1,000 ಮಂದಿಯ ಒಂದು ಹಾಲ್, ಪಕ್ಕಕ್ಕೇ 60ರಿಂದ 100 ಮಂದಿಯ ಆರೆಂಟು ಕೋಣೆ, ಊರಿನಲ್ಲಿ ಈಗಾಗಲೇ ಇರುವ ಸಭಾಂಗಣಗಳಿಗೆಲ್ಲ ಸೇರಿ ಒಂದೇ ಬುಕಿಂಗ್ ಪಟ್ಟಿ. ದಸರಾ ವಸ್ತುಪ್ರದರ್ಶನದ ಆವರಣ ಇದಕ್ಕೆ ಒದಗುತ್ತದೆಂದು ಅನಿಸಬಹುದು. ಆದರೆ ಪ್ರದರ್ಶನ ನಡೆಯುವುದೂ ಸಮ್ಮೇಳನದ ತಿಂಗಳುಗಳಲ್ಲೇ.

ಕಟ್ಟುವ ಟೆಂಡರ್ ಕರೆಯುವ ಮೊದಲೇ ಅದನ್ನು ನಡೆಸುವವರನ್ನು ಆರಿಸಿ, ನಕ್ಷೆಯನ್ನು ಅವರ ಮುಂದೆ ಹರಡಿ. ಸರಕಿನ ಲಾರಿ ಹಾಲಿನ ಬಾಗಿಲವರೆಗೆ ಬರುತ್ತದೆಯೇ, ಅಡುಗೆಮನೆಯಿಂದ ಊಟದ ಜಾಗಕ್ಕೆ ಬೇರೆ ದಾರಿ ಇದೆಯೇ, ಹೆಂಗಸರ ಶೌಚಾಲಯಗಳು ಚಹಾ ವಿರಾಮದ ಹದಿನೈದು ನಿಮಿಷಕ್ಕೆ ಸಾಲುತ್ತವೆಯೇ ಎಂದು ಅವರು ಪೆನ್ಸಿಲ್ ಹಿಡಿದು ಗುರುತು ಮಾಡಲಿ.