ಬ್ರಿಡ್ಜ್ ಇಲ್ಲದೆ ಜಿಗ್‌ಬೀ ಬಲ್ಬ್‌ಗಳ ಜೋಡಣೆ: ನನ್ನ ಅನುಭವ

ಬ್ರಿಡ್ಜ್‌ಗೆ (ಬಲ್ಬ್‌ಗಳನ್ನು ನಿಯಂತ್ರಿಸುವ ಪೆಟ್ಟಿಗೆ) ಜೋಡಿಸಿದ್ದ ಜಿಗ್‌ಬೀ (ಸ್ಮಾರ್ಟ್ ಸಾಧನಗಳ ನಿಸ್ತಂತು ಜಾಲ) ಬಲ್ಬ್‌ಗಳನ್ನು ಯುಎಸ್‌ಬಿ ಕೋಆರ್ಡಿನೇಟರ್ (ಜಿಗ್‌ಬೀ ಜಾಲವನ್ನು ನಡೆಸುವ ಸಣ್ಣ ಸಾಧನ) ಮೂಲಕ ನೇರವಾಗಿ ನನ್ನ ಸರ್ವರ್‌ನಲ್ಲಿರುವ ಹೋಮ್ ಅಸಿಸ್ಟೆಂಟ್ ಎಂಬ ಸ್ಮಾರ್ಟ್ ಮನೆ ತಂತ್ರಾಂಶಕ್ಕೆ ಸೇರಿಸಲು ಹೊರಟಾಗ, ಕೆಲವು ಬಲ್ಬ್‌ಗಳು ಹುಡುಕಾಟದಲ್ಲಿ ಕಾಣಿಸಲೇ ಇಲ್ಲ; ಕಾಣಿಸಿದವು ಇಂಟರ್‌ವ್ಯೂ (ಬಲ್ಬ್‌ನ ವಿವರಗಳನ್ನು ಕೇಳಿ ಪಡೆಯುವ) ಹಂತದಲ್ಲೇ ನಿಂತುಬಿಡುತ್ತಿದ್ದವು. ಬಲ್ಬ್‌ಗಳನ್ನು ಆರಿಸಿ ಹೊತ್ತಿಸುವುದಾಗಲಿ, ಸರ್ವರ್ ರೀಸ್ಟಾರ್ಟ್ ಮಾಡುವುದಾಗಲಿ ಫಲ ಕೊಡಲಿಲ್ಲ.

ಯುಎಸ್‌ಬಿ 3.0 ಪೋರ್ಟ್ ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡಚಣೆ ಉಂಟುಮಾಡುವುದರಿಂದ, ಕೋಆರ್ಡಿನೇಟರನ್ನು 2.0 ಪೋರ್ಟ್‌ಗೆ ಬದಲಾಯಿಸಿ, ಒಂದು ಮೀಟರ್ ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಸರ್ವರ್‌ನಿಂದ ದೂರವಿಟ್ಟೆ. ವೈಫೈ 1ನೇ ಚಾನೆಲ್‌ನಲ್ಲಿದ್ದ ಕಾರಣ, ಅದರ ಅಡಚಣೆ ತಪ್ಪಿಸಲು ಜಿಗ್‌ಬೀ ಚಾನೆಲನ್ನು 25ಕ್ಕೆ ನಿಗದಿಪಡಿಸಿದೆ. ಬಲ್ಬ್ ಸೇರಿಸುವ ಮೊದಲೇ ಇದನ್ನು ಮಾಡಬೇಕು, ಆಮೇಲೆ ಬದಲಾಯಿಸಿದರೆ ಕೆಲವನ್ನು ಮತ್ತೆ ಜೋಡಿಸಬೇಕಾಗಬಹುದು. ನಂತರ ಬ್ರಿಡ್ಜ್ ಮತ್ತು ಬಲ್ಬ್ ಎರಡೂ ಚಾಲೂ ಇರುವಾಗಲೇ ಬ್ರಿಡ್ಜ್‌ನ ಹಳೆಯ ಆ್ಯಪ್‌ನಿಂದ ಬಲ್ಬನ್ನು ಅಳಿಸಿದೆ. ಹೀಗೆ ಅಳಿಸಿದಾಗ ಬಲ್ಬ್ ರೀಸೆಟ್ ಆಗಿ ಹೊಸ ಜಾಲವನ್ನು ಹುಡುಕತೊಡಗುತ್ತದೆ. ತಕ್ಷಣ ಝಡ್‌ಎಚ್‌ಎಯಲ್ಲಿ (ಹೋಮ್ ಅಸಿಸ್ಟೆಂಟ್‌ನ ಜಿಗ್‌ಬೀ ವಿಭಾಗ) ಸಾಧನ ಸೇರಿಸುವ ಗುಂಡಿ ಒತ್ತಿ, ಕೋಆರ್ಡಿನೇಟರ್‌ಗೆ ಹತ್ತಿರದ ಬಲ್ಬ್‌ನಿಂದ ಆರಂಭಿಸಿ ಒಂದೊಂದಾಗಿ ಎಲ್ಲವನ್ನೂ ಸೇರಿಸಿದೆ.